ಮನೆಯದ್ದೇ ಒಂದು ಫೋಟೊ

ಮೂರನೇ ಸೆಮಿಸ್ಟರಿನ ಬಿಲ್ಡಿಂಗ್ ಡ್ರಾಯಿಂಗ್‌ನಲ್ಲಿ ನಮಗೊಂದು ಅಸೈನ್‌ಮೆಂಟ್ ಕೊಟ್ಟಿದ್ರು. ನಿಮಗೆ ಗೊತ್ತಿರುವ ಒಂದು ಹಳೇ ಮನೆಯ ಪ್ಲ್ಯಾನ್ ಮತ್ತು ಎಲಿವೇಶನ್ ಬರೆದು ತನ್ನಿ ಅಂತ. ನಾವು ನಾಲ್ಕು ಜನರ ಗುಂಪು. ನಮ್ಮಲ್ಲೊಬ್ಬನ ಅಜ್ಜಿಯ ಮನೆಯನ್ನು ಆರಿಸಿಕೊಂಡೆವು. ತೊಂದರೆ ಒಂದೇ, ಆ ಮನೆ ಈಗ ಇಲ್ಲ. ಐದು ವರ್ಷದ ಹಿಂದೆ ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿದ್ದಾರೆ. ಪರವಾಗಿಲ್ಲ, ಫೋಟೊ ನೋಡ್ಕೊಂಡು ಬರೆಯೋಣ ಅಂತ ಆಲ್ಬಮ್ ತರಿಸಿದೆವು. ಮದುವೆ, ನಾಮಕರಣ, ಗೌರಿ ಹಬ್ಬ, ಎಲ್ಲಾ ಸೇರಿ ಇನ್ನೂರರ ಹತ್ತಿರ ಫೋಟೊ ಇದ್ದವು. ಎಲ್ಲದರಲ್ಲೂ ಜನ. ಅವರ ಬೆನ್ನ ಹಿಂದೆ ಒಂದು ಕಂಬದ ತುಂಡು, ಅರ್ಧ ಬಾಗಿಲು, ಕಿಟಕಿಯ ಒಂದು ಮೂಲೆ. ಮನೆಯದ್ದೇ ಅಂತ ಒಂದು ಫೋಟೊ ಇರಲಿಲ್ಲ.

ಇಷ್ಟು ವರ್ಷ ಅಲ್ಲೇ ಇದ್ದ ಮನೆಯನ್ನು ಯಾರೂ ನೋಡೇ ಇಲ್ವಾ ಅಂತ ಅನ್ನಿಸಿತು. ಹಾಗಾದ್ರೆ ಬರೀ ಮನೆಗಳ ಫೋಟೊ ತೆಗೆಯೋದನ್ನೇ ಕೆಲಸ ಮಾಡಿಕೊಂಡವರು ಯಾರಾದ್ರೂ ಇದ್ದಾರಾ? ಹುಡುಕುತ್ತಾ ಹೋದಾಗ ಅಮೆರಿಕದ ಒಬ್ಬ ಹೆಂಗಸು ಸಿಕ್ಕರು. ಹೆಸರು ಫ್ರಾನ್ಸಿಸ್ ಬೆಂಜಮಿನ್ ಜಾನ್‌ಸ್ಟನ್. ಅರವತ್ತಮೂರು ವರ್ಷ ಆದಮೇಲೆ ಮನೆಗಳ ಬೆನ್ನು ಹತ್ತಿ, ಎಪ್ಪತ್ತಾರರ ತನಕ ಬಿಡದೆ ಓಡಾಡಿದವರು. ಅವರ ಬಗ್ಗೆ ಬರೆಯೋಕೆ ಇದೇ ಕಾರಣ.

ಬರೆಯೋಕೆ ಹೋಗಿ ಕ್ಯಾಮೆರಾ ಹಿಡಿದವರು

ಫ್ರಾನ್ಸಿಸ್ ಹುಟ್ಟಿದ್ದು 1864ರ ಜನವರಿಯಲ್ಲಿ, ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಎಂಬ ಊರಲ್ಲಿ. ಬೆಳೆದದ್ದು ವಾಷಿಂಗ್ಟನ್‌ನಲ್ಲಿ. ತಾಯಿ ಪತ್ರಕರ್ತೆ, ತಂದೆ ಖಜಾನೆ ಇಲಾಖೆಯಲ್ಲಿ ಕೆಲಸದಲ್ಲಿದ್ದರು. ಮೊದಲು ಚಿತ್ರಕಲೆ ಕಲಿಯೋಕೆ ಪ್ಯಾರಿಸ್‌ಗೆ ಹೋಗಿ, 1883ರಿಂದ 1885ರವರೆಗೆ ಅಕಾಡೆಮಿ ಜೂಲಿಯನ್‌ನಲ್ಲಿ ಓದಿದರು. ವಾಪಸ್ ಬಂದು ಪತ್ರಿಕೆಗಳಿಗೆ ಲೇಖನ ಬರೆಯೋಕೆ ಶುರು ಮಾಡಿದರು. ಲೇಖನಕ್ಕೆ ಚಿತ್ರ ಬೇಕಲ್ಲ? ಕೈಯಲ್ಲಿ ಬರೆಯುವುದಕ್ಕಿಂತ ಫೋಟೊ ಒಳ್ಳೇದು ಅನ್ನಿಸಿತು. ಮೊದಲ ಕ್ಯಾಮೆರಾ ಕೊಟ್ಟವರು ಮನೆಯವರ ಸ್ನೇಹಿತ ಜಾರ್ಜ್ ಈಸ್ಟ್‌ಮನ್. ಹೌದು, ಕೊಡ್ಯಾಕ್ ಕಂಪನಿಯ ಈಸ್ಟ್‌ಮನ್! ತಾಂತ್ರಿಕ ಪಾಠ ಹೇಳಿಕೊಟ್ಟವರು ಸ್ಮಿತ್ಸೋನಿಯನ್ ಸಂಸ್ಥೆಯ ಛಾಯಾಗ್ರಾಹಕ ಥಾಮಸ್ ಸ್ಮಿಲ್ಲಿ.

ಶುರುವಿನ ಲೇಖನಗಳ ವಿಷಯ ನೋಡಿದ್ರೆ ನಮ್ಮಂಥವರಿಗೆ ಖುಷಿ ಆಗುತ್ತೆ. ನಾಣ್ಯ ಟಂಕಿಸುವ ಸರ್ಕಾರಿ ಟಂಕಸಾಲೆ, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ, ಕೆಂಟಕಿಯ ಮ್ಯಾಮತ್ ಕೇವ್ ಗುಹೆ. ಈಗಿನ ಇಂಡಸ್ಟ್ರಿಯಲ್ ವಿಸಿಟ್ ರಿಪೋರ್ಟ್ ಇದ್ದ ಹಾಗೆ, ಆದ್ರೆ ಓದುವಂಥದ್ದು. ಗುಹೆಯ ಒಳಗೆ ಬೆಳಕಿಗಾಗಿ ಮೆಗ್ನೀಸಿಯಂ ಪುಡಿ ಸುಟ್ಟು ಫೋಟೊ ತೆಗೆಯಬೇಕಿತ್ತು. ಹೊಗೆ ತುಂಬಿಕೊಂಡರೆ ಮುಂದಿನ ಫೋಟೊ ಆಗೋದಿಲ್ಲ, ಅದು ಇಳಿಯೋ ತನಕ ಕಾಯಬೇಕು.

1890ರ ದಶಕದಲ್ಲಿ ವಾಷಿಂಗ್ಟನ್‌ನಲ್ಲಿ ಸ್ವಂತ ಸ್ಟುಡಿಯೊ ತೆರೆದರು. ಅಧ್ಯಕ್ಷರು, ಮಂತ್ರಿಗಳು, ಸಾಹಿತಿಗಳು, ಎಲ್ಲರೂ ಅಲ್ಲಿ ಬಂದು ಕೂತವರೇ. 1896ರ ಸುಮಾರಿಗೆ ತಮ್ಮದೇ ಒಂದು ಫೋಟೊ ತೆಗೆದುಕೊಂಡರು: ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಬಿಯರ್ ಮಗ್ಗು, ಸ್ಕರ್ಟು ಮೊಣಕಾಲಿನವರೆಗೆ ಸರಿದಿದೆ. ಆ ಕಾಲಕ್ಕೆ ಇದು ಸಣ್ಣ ಧೈರ್ಯ ಅಲ್ಲ. 1897ರಲ್ಲಿ ಲೇಡೀಸ್ ಹೋಮ್ ಜರ್ನಲ್ ಪತ್ರಿಕೆಯಲ್ಲಿ, ಹೆಂಗಸರು ಕ್ಯಾಮೆರಾದಿಂದ ಹೇಗೆ ದುಡಿಯಬಹುದು ಅಂತ ಲೇಖನ ಬರೆದರು. ಅದರಲ್ಲಿ ಕಲೆಯ ಮಾತು ಮಾತ್ರ ಇಲ್ಲ, ತಾಳ್ಮೆ ಬೇಕು, ಸೂಕ್ಷ್ಮಗಳನ್ನು ಗಮನಿಸುವ ಕಣ್ಣು ಬೇಕು, ಲೆಕ್ಕಾಚಾರ ಬೇಕು ಅನ್ನೋ ಮಾತೂ ಇದೆ. 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ, ಕಪ್ಪು ವಿದ್ಯಾರ್ಥಿಗಳು ಓದುತ್ತಿದ್ದ ಹ್ಯಾಂಪ್ಟನ್ ಸಂಸ್ಥೆಯ ಬಗ್ಗೆ ಅವರು ತೆಗೆದ ಫೋಟೊಗಳು ಇದ್ದವು. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಗೆ ಬಫಲೊ ನಗರದಲ್ಲಿ ಗುಂಡೇಟು ಬೀಳುವ ಸ್ವಲ್ಪ ಮುಂಚೆ ತೆಗೆದ ಫೋಟೊಗಳಲ್ಲೂ ಅವರದ್ದಿದೆ.

ಇಲ್ಲಿಗೇ ನಿಲ್ಲಿಸಿದ್ದರೂ ಹೆಸರು ಉಳಿಯುತ್ತಿತ್ತು. ಆದ್ರೆ ನಮಗೆ ಬೇಕಾದ ಕಥೆ ಇನ್ನೂ ಶುರುವೇ ಆಗಿಲ್ಲ.

ಮುಖದಿಂದ ಗೋಡೆಗೆ

1909ರಲ್ಲಿ ಕ್ಯಾರೇರ್ ಅಂಡ್ ಹೇಸ್ಟಿಂಗ್ಸ್ ಎಂಬ ಆರ್ಕಿಟೆಕ್ಟ್‌ಗಳು ನ್ಯೂಯಾರ್ಕಿನಲ್ಲಿ ತಾವು ಕಟ್ಟಿದ ನ್ಯೂ ಥಿಯೇಟರ್‌ನ ಫೋಟೊ ತೆಗೆಯುವ ಕೆಲಸ ಕೊಟ್ಟರು. ಅಲ್ಲಿಂದ ಮುಂದೆ ಕಟ್ಟಡ ಮತ್ತು ತೋಟಗಳೇ ಹೆಚ್ಚಾದವು. 1913ರಿಂದ 1917ರವರೆಗೆ ಮ್ಯಾಟಿ ಎಡ್ವರ್ಡ್ಸ್ ಹೆವಿಟ್ ಜೊತೆ ನ್ಯೂಯಾರ್ಕಿನಲ್ಲಿ ಸ್ಟುಡಿಯೊ ನಡೆಸಿದರು. ಶ್ರೀಮಂತರ ಹೊಸ ಮನೆಗಳು, ಅವರ ತೋಟಗಳು. ದುಡ್ಡು ಕೊಟ್ಟವರ ಮನೆ ಚೆನ್ನಾಗಿ ಕಾಣಬೇಕು, ಅಷ್ಟೆ.

ತಿರುವು ಬಂದದ್ದು 1927ರಲ್ಲಿ. ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಊರಿನ ಎದುರು, ರಾಪಹ್ಯಾನಕ್ ನದಿಯ ಆಚೆ ದಡದಲ್ಲಿ ಚಾಥಮ್ ಅಂತ ಒಂದು ದೊಡ್ಡ ಇಟ್ಟಿಗೆ ಮನೆ ಇದೆ. 1771ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. ಅಂತರ್ಯುದ್ಧದಲ್ಲಿ ಸೇನೆಯ ಕಚೇರಿಯಾಗಿತ್ತು, ಆಸ್ಪತ್ರೆಯಾಗಿತ್ತು. 1920ರ ದಶಕದಲ್ಲಿ ಅದನ್ನು ಕೊಂಡು ರಿಪೇರಿ ಮಾಡಿಸಿದ ಡೆವೋರ್ ದಂಪತಿ ಫೋಟೊ ತೆಗೆಯೋಕೆ ಫ್ರಾನ್ಸಿಸ್‌ರನ್ನು ಕರೆಸಿದರು. ಆಗ ಅವರಿಗೆ 63.

ಕರೆದದ್ದು ಒಂದು ಮನೆಗೆ. ಆದ್ರೆ ಫ್ರಾನ್ಸಿಸ್ ನದಿ ದಾಟಿ ಊರೊಳಗೆ ಹೋದರು. ಫ್ರೆಡರಿಕ್ಸ್‌ಬರ್ಗ್, ಪಕ್ಕದ ಫಾಲ್‌ಮತ್, ಸುತ್ತಲಿನ ಹಳೇ ಕಟ್ಟಡಗಳು, ಎಲ್ಲವನ್ನೂ ಒಂದೊಂದಾಗಿ ತೆಗೆಯೋಕೆ ಶುರು ಮಾಡಿದರು. ಖರ್ಚಿಗೆ ಮಿಸೆಸ್ ಡೆವೋರ್ ಒಪ್ಪಿದರು. ದೊಡ್ಡ ಮನೆಗಳು ಹೇಗೂ ಉಳಿಯುತ್ತವೆ, ಅವಕ್ಕೆ ಯಜಮಾನರಿದ್ದಾರೆ. ಸಣ್ಣ ಮನೆ, ಗಿರಣಿ, ಹಳೇ ಹೋಟೆಲು, ಅಂಗಡಿ, ಗೋದಾಮು, ಇವು ಒಂದೊಂದೇ ಬೀಳ್ತಾ ಇದ್ದವು. ಅವು ಬಿದ್ದರೆ ಯಾರಿಗೂ ಸುದ್ದಿಯೂ ಅಲ್ಲ.

ಈ ಫೋಟೊಗಳ ಪ್ರದರ್ಶನವನ್ನು ನೋಡಿದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ, ಇಡೀ ದೇಶದ ಹಳೇ ಕಟ್ಟಡಗಳ ಚಿತ್ರಸಂಗ್ರಹ ಯಾಕೆ ಮಾಡಬಾರದು ಅನ್ನಿಸಿತು. ಅಲ್ಲಿನ ಕಲಾ ವಿಭಾಗದ ಮುಖ್ಯಸ್ಥ ಲೀಸ್ಟರ್ ಹಾಲೆಂಡ್ 1930ರಲ್ಲಿ ಆ ಸಂಗ್ರಹವನ್ನು ಶುರು ಮಾಡಿದರು. ನಂತರ ಕಾರ್ನೆಗಿ ಕಾರ್ಪೊರೇಶನ್ ಅನುದಾನ ಕೊಟ್ಟಿತು. 1933ರಿಂದ 1940ರವರೆಗೆ ಫ್ರಾನ್ಸಿಸ್ ಕಾರಿನಲ್ಲಿ ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತಿದರು. ವರ್ಜೀನಿಯಾ, ಮೇರಿಲ್ಯಾಂಡ್, ಎರಡು ಕರೊಲಿನಾಗಳು, ಜಾರ್ಜಿಯಾ, ಅಲಬಾಮಾ, ಲೂಸಿಯಾನ, ಸ್ವಲ್ಪ ಮಟ್ಟಿಗೆ ಫ್ಲಾರಿಡಾ, ಮಿಸಿಸಿಪ್ಪಿ ಕೂಡ. ಲೆಕ್ಕ ಕೇಳಿ: 1,700ಕ್ಕೂ ಹೆಚ್ಚು ಕಟ್ಟಡ ಮತ್ತು ಸ್ಥಳಗಳು, ಸುಮಾರು 7,100 ಫೋಟೊಗಳು. ಇದನ್ನು ಕಾರ್ನೆಗಿ ಸರ್ವೆ ಅಂತಾರೆ. ಸರ್ವೆ ಶುರುವಾದಾಗ ಅವರಿಗೆ 69, ಮುಗಿದಾಗ 76. ನಾವು ಸರ್ವೆ ಪ್ರಾಕ್ಟಿಕಲ್‌ನಲ್ಲಿ ಟ್ರೈಪಾಡ್ ಹೊತ್ತು ಗ್ರೌಂಡಿನ ಆ ತುದಿಗೆ ಹೋಗೋದ್ರೊಳಗೆ ಸುಸ್ತಾಗ್ತೀವಿ.

ಗೋಡೆ ಯಾಕೆ ವಾಲಲಿಲ್ಲ?

ಈಗ ಸ್ವಲ್ಪ ಟೆಕ್ನಿಕಲ್. ಅವರ ಫೋಟೊ ನೋಡಿದ ತಕ್ಷಣ ನಮಗೆ ಕಂಡದ್ದು ಒಂದು ವಿಷಯ: ಗೋಡೆಗಳು ನೆಟ್ಟಗಿವೆ. ನಮ್ಮ ಮೊಬೈಲಲ್ಲಿ ಕಾಲೇಜಿನ ಮೇನ್ ಬ್ಲಾಕ್ ಫೋಟೊ ತೆಗೆದು ನೋಡಿ, ಎರಡೂ ಬದಿಯ ಗೋಡೆಗಳು ಮೇಲಕ್ಕೆ ಹೋಗ್ತಾ ಹೋಗ್ತಾ ಒಳಕ್ಕೆ ವಾಲುತ್ತವೆ. ಕಟ್ಟಡ ಹಿಂದಕ್ಕೆ ಬೀಳೋ ಹಾಗೆ ಕಾಣುತ್ತೆ.

ಕಾರಣ ಸರಳ. ಮೇಲಿನ ಮಹಡಿ ಫ್ರೇಮಿಗೆ ಬರಲಿ ಅಂತ ನಾವು ಫೋನನ್ನು ಮೇಲಕ್ಕೆ ಬಾಗಿಸ್ತೀವಿ. ಆಗ ಸೆನ್ಸರ್ ಸಮತಲ ಗೋಡೆಗೆ ಸಮಾನಾಂತರವಾಗಿರಲ್ಲ. ಗೋಡೆಯ ಮೇಲ್ಭಾಗ ಕೆಳಭಾಗಕ್ಕಿಂತ ದೂರವಾದಂತಾಗಿ, ಚಿಕ್ಕದಾಗಿ ಮೂಡುತ್ತೆ. ಸಮಾನಾಂತರ ರೇಖೆಗಳು ಒಂದು ಬಿಂದುವಿನ ಕಡೆ ಸೇರೋಕೆ ಹೊರಡುತ್ತವೆ. ಮೊದಲ ವರ್ಷದ ಗ್ರಾಫಿಕ್ಸ್‌ನಲ್ಲಿ ಪರ್ಸ್‌ಪೆಕ್ಟಿವ್ ಪ್ರೊಜೆಕ್ಷನ್ ಅಂತ ಓದಿ ಮರೆತಿದ್ದೇವಲ್ಲ, ಅದೇ.

ಆಗಿನ ವ್ಯೂ ಕ್ಯಾಮೆರಾದಲ್ಲಿ ಇದಕ್ಕೊಂದು ಉಪಾಯ ಇತ್ತು. ಲೆನ್ಸು ಮುಂದಿನ ಹಲಗೆಯಲ್ಲಿ, ಫಿಲ್ಮು ಹಿಂದಿನ ಹಲಗೆಯಲ್ಲಿ, ನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆ. ಎರಡೂ ಹಲಗೆಗಳನ್ನು ಬೇರೆ ಬೇರೆಯಾಗಿ ಸರಿಸಬಹುದು. ಕ್ಯಾಮೆರಾವನ್ನು ಬಾಗಿಸದೆ, ಹಿಂದಿನ ಹಲಗೆಯನ್ನು ಗೋಡೆಗೆ ಸಮಾನಾಂತರವಾಗೇ ಇಟ್ಟು, ಲೆನ್ಸಿನ ಹಲಗೆಯನ್ನು ಮಾತ್ರ ಮೇಲಕ್ಕೆ ಎತ್ತಿದರೆ ಮೇಲಿನ ಮಹಡಿ ಫ್ರೇಮಿಗೆ ಇಳಿದು ಬರುತ್ತೆ. ಗೋಡೆ ವಾಲಲ್ಲ. ಹಿಂದಿನ ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಕಾಣುತ್ತೆ. ಕಪ್ಪು ಬಟ್ಟೆ ಹೊದ್ದುಕೊಂಡು ಅದನ್ನೇ ನೋಡಿ ಎಲ್ಲಾ ಹೊಂದಿಸಬೇಕು. ಮುಂದಿನ ಕಂಬದಿಂದ ಹಿಂದಿನ ಗೋಡೆಯ ತನಕ ಎಲ್ಲವೂ ಸ್ಪಷ್ಟವಾಗಿರಲಿ ಅಂತ ಲೆನ್ಸಿನ ತೂತನ್ನು ಚಿಕ್ಕದು ಮಾಡಬೇಕು. ಬೆಳಕು ಕಡಿಮೆಯಾಗುತ್ತೆ, ಹಾಗಾಗಿ ಎಕ್ಸ್‌ಪೋಶರ್ ಉದ್ದವಾಗುತ್ತೆ. ಅದಕ್ಕೆ ಟ್ರೈಪಾಡ್.

ಇದರಿಂದ ಸಿಗುವ ಲಾಭ ಬರೀ ಅಂದ ಅಲ್ಲ. ಫಿಲ್ಮು ಗೋಡೆಗೆ ಸಮಾನಾಂತರವಾಗಿದ್ರೆ, ಆ ಗೋಡೆಯ ಸಮತಲದಲ್ಲಿ ಇರೋದೆಲ್ಲ ಒಂದೇ ಸ್ಕೇಲಿನಲ್ಲಿ ಮೂಡುತ್ತೆ. ಬಾಗಿಲಿನ ಎತ್ತರ ಒಂದು ಗೊತ್ತಿದ್ರೆ ಸಾಕು, ಕಿಟಕಿಯ ಅಗಲ, ಸೂರಿನ ಎತ್ತರ, ಎಲ್ಲವನ್ನೂ ಅನುಪಾತದಲ್ಲಿ ಲೆಕ್ಕ ಹಾಕಬಹುದು. ಮುಂದೆ ಚಾಚಿರುವ ಜಗುಲಿ ಕಂಬಗಳಿಗೆ ಮಾತ್ರ ಸ್ಕೇಲು ಬೇರೆಯಾಗುತ್ತೆ, ಅಲ್ಲಿ ಹುಷಾರು. ಅಂದ್ರೆ ಆ ಫೋಟೊ ಹೆಚ್ಚುಕಡಿಮೆ ಒಂದು ಎಲಿವೇಶನ್ ಡ್ರಾಯಿಂಗ್. ನೆಗೆಟಿವ್ ಕೂಡ ದೊಡ್ಡದು. ಎಂಟು ಇಂಚು ಹತ್ತು ಇಂಚಿನ ನೆಗೆಟಿವ್ 35 ಎಂಎಂ ಫ್ರೇಮಿನ ಸುಮಾರು ಅರವತ್ತು ಪಟ್ಟು ವಿಸ್ತೀರ್ಣ. ಇಟ್ಟಿಗೆ ಎಣಿಸಬಹುದು.

ನಮ್ಮ ಆಲ್ಬಮ್ಮಿನ ಇನ್ನೂರು ಫೋಟೊಗಳಿಂದ ಯಾಕೆ ಒಂದು ಅಳತೆಯೂ ಹುಟ್ಟಲಿಲ್ಲ ಅಂತ ಆಗ ಅರ್ಥ ಆಯ್ತು. ಎಲ್ಲವೂ ಓರೆ, ಎಲ್ಲವೂ ಅರ್ಧ.

ಮನೆ ಯಾರದ್ದು, ಕಟ್ಟಿದ್ದು ಯಾರು?

1933ರಲ್ಲೇ ಅಮೆರಿಕ ಸರ್ಕಾರ ಇನ್ನೊಂದು ಕೆಲಸ ಶುರು ಮಾಡಿತ್ತು. ಆರ್ಥಿಕ ಕುಸಿತದಿಂದ ಕೆಲಸ ಕಳೆದುಕೊಂಡ ಸುಮಾರು ಸಾವಿರ ಆರ್ಕಿಟೆಕ್ಟ್‌ಗಳನ್ನು ಹಳೇ ಕಟ್ಟಡ ಅಳೆದು ಡ್ರಾಯಿಂಗ್ ಮಾಡೋಕೆ ಕಳಿಸುವ ಯೋಜನೆ. ಚಾರ್ಲ್ಸ್ ಪೀಟರ್ಸನ್ ಎಂಬ ಆರ್ಕಿಟೆಕ್ಟ್ ಬರೆದ ಪ್ರಸ್ತಾವದಿಂದ ಹುಟ್ಟಿದ್ದು. ಅವರು ಟೇಪು ಹಿಡಿದು, ಫ್ರಾನ್ಸಿಸ್ ಕ್ಯಾಮೆರಾ ಹಿಡಿದು, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಓಡಿದರು. ಯಾಕೆ ಓಟ ಅಂದ್ರೆ, ಕಟ್ಟಡಗಳು ಕಾಯ್ತಾ ಇರಲಿಲ್ಲ. ಲೂಸಿಯಾನದ ಕಾನ್ವೆಂಟ್ ಊರಿನ ಬಳಿ ಅಂಕಲ್ ಸ್ಯಾಮ್ ಎಂಬ ತೋಟದ ಮನೆ ಇತ್ತು. ಒಂದೇ ಮನೆ ಅಲ್ಲ, ಅತಿಥಿ ಮನೆಗಳು, ಪಾರಿವಾಳದ ಗೋಪುರಗಳು ಸೇರಿ ಒಂದು ಪುಟ್ಟ ಊರೇ. ಮಿಸಿಸಿಪ್ಪಿ ನದಿಗೆ ಹೊಸ ಏರಿ ಕಟ್ಟಬೇಕಿತ್ತು, 1940ರಲ್ಲಿ ಅದನ್ನು ಕೆಡವಿದರು. ಅದರ ಅಳತೆ ಡ್ರಾಯಿಂಗ್ ಮೊದಲೇ ಆಗಿತ್ತು, ಹಾಗಾಗಿ ಕಾಗದದ ಮೇಲಾದರೂ ಇದೆ. ಏರಿ ಕಟ್ಟಿದವರೂ ಇಂಜಿನಿಯರ್‌ಗಳೇ. ಪ್ರವಾಹದಿಂದ ಜನರನ್ನು ಕಾಯೋಕೆ ಏರಿ ಬೇಕು. ಸಿವಿಲ್ ಓದುವ ನಮಗೆ ಇದರಲ್ಲಿ ಸುಲಭದ ಉತ್ತರ ಸಿಗಲಿಲ್ಲ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗೋಕಾಗಲ್ಲ. ಆ ಭವ್ಯ ತೋಟದ ಮನೆಗಳು ನಿಂತದ್ದು ಗುಲಾಮರ ದುಡಿಮೆಯ ಮೇಲೆ. ಚಾಥಮ್ ಮನೆಯಲ್ಲೇ 1805ರಲ್ಲಿ, ಕ್ರಿಸ್‌ಮಸ್ ರಜೆ ಮುಗಿಯೋ ಮುಂಚೆ ಕೆಲಸಕ್ಕೆ ಕರೆದರು ಅಂತ ಗುಲಾಮರು ದಂಗೆ ಎದ್ದಿದ್ದರು. ಫ್ರಾನ್ಸಿಸ್ ತೆಗೆದ ಫೋಟೊಗಳಲ್ಲಿ ಕಂಬಗಳಿವೆ, ಮೆಟ್ಟಿಲುಗಳಿವೆ, ಹೆಚ್ಚಿನವುಗಳಲ್ಲಿ ಜನ ಇಲ್ಲ. ಜನ ಇಲ್ಲದ ಫೋಟೊ ನೋಡ್ತಾ ಹೋದ್ರೆ ಮನೆ ತಾನಾಗೇ ಬೆಳೆದು ನಿಂತಿದೆಯೇನೋ ಅನ್ನಿಸುತ್ತೆ. ಇದು ಆ ಸಂಗ್ರಹದ ಕೊರತೆ ಅಂತಲೇ ನಮಗನ್ನಿಸಿತು.

ಆದ್ರೆ ಅದೇ ಸಂಗ್ರಹದಲ್ಲಿ ದೊಡ್ಡ ಮನೆಯ ಹಿಂದಿನ ಅಡುಗೆ ಕಟ್ಟಡ, ಮಾಂಸ ಒಣಗಿಸುವ ಹೊಗೆಮನೆ, ಗುಲಾಮರ ಸಾಲುಮನೆಗಳೂ ಇವೆ. ಬರೀ ಭವ್ಯವಾದದ್ದನ್ನು ಆರಿಸಿದ್ದರೆ ಅವು ಬರುತ್ತಿರಲಿಲ್ಲ. ಹಿತ್ತಲಿಗೂ ಕ್ಯಾಮೆರಾ ಒಯ್ದದ್ದರಿಂದ, ಆ ಸಾಲುಮನೆಗಳಲ್ಲಿ ಯಾರಿದ್ದರು ಅಂತ ಇವತ್ತು ಕೇಳೋಕೆ ಒಂದು ಆಧಾರವಾದರೂ ಇದೆ.

ಹೆಸರಿಲ್ಲದ ಗಾಜುಗಳು

ಈ ಫೋಟೊಗಳಿಂದ ಪುಸ್ತಕಗಳು ಬಂದವು. ವರ್ಜೀನಿಯಾದ ಹಳೇ ಚರ್ಚುಗಳ ಪುಸ್ತಕ 1930ರಲ್ಲಿ, ಥಾಮಸ್ ವಾಟರ್‌ಮನ್ ಜೊತೆ ನಾರ್ತ್ ಕರೊಲಿನಾದ ವಾಸ್ತುಶಿಲ್ಪದ ಪುಸ್ತಕ 1941ರಲ್ಲಿ. 1945ರಲ್ಲಿ ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಸ್ಥೆ ಅವರನ್ನು ಗೌರವ ಸದಸ್ಯೆ ಮಾಡಿಕೊಂಡಿತು. ಕೊನೆಗಾಲದಲ್ಲಿ ನ್ಯೂ ಆರ್ಲಿಯನ್ಸ್‌ನ ಬರ್ಬನ್ ಸ್ಟ್ರೀಟಿನಲ್ಲಿ ಒಂದು ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ ಅಲ್ಲೇ ಇದ್ದರು. 1952ರ ಮೇ ತಿಂಗಳಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಮುಂಚೆ, ಲೂಸಿಯಾನದಲ್ಲೇ ಬೆಲ್ ಗ್ರೋವ್ ಎಂಬ ಬಹುದೊಡ್ಡ ಮನೆ ಬೆಂಕಿ ಬಿದ್ದು ಹೋಯಿತು. ಹೆನ್ರಿ ಹೊವರ್ಡ್ ಎಂಬ ಆರ್ಕಿಟೆಕ್ಟ್ ವಿನ್ಯಾಸ ಮಾಡಿದ್ದು. ಅದು ಪಾಳು ಬಿದ್ದು ನಿಂತಿದ್ದಾಗ, 1938ರಲ್ಲಿ, ಫ್ರಾನ್ಸಿಸ್ ಅದರ ಫೋಟೊ ತೆಗೆದಿದ್ದರು. ಈಗ ಅದನ್ನು ನೋಡಬೇಕಂದ್ರೆ ಆ ಫೋಟೊಗಳಂಥ ದಾಖಲೆಗಳೇ ಗತಿ.

ಸರ್ವೆಯ ಫೋಟೊಗಳಿಗೆ ಊರು, ಜಿಲ್ಲೆ, ಮನೆಯ ಹೆಸರು ಇತ್ತು. ಆದ್ರೆ ಅವರದ್ದೇ ಇನ್ನೊಂದು ಸಂಗ್ರಹದ ಕಥೆ ಬೇರೆ. ತೋಟಗಳ ಬಗ್ಗೆ ಭಾಷಣ ಮಾಡುವಾಗ ತೋರಿಸೋಕೆ, ಕೈಯಲ್ಲಿ ಬಣ್ಣ ಹಚ್ಚಿದ 1,100ಕ್ಕೂ ಹೆಚ್ಚು ಗಾಜಿನ ಸ್ಲೈಡುಗಳನ್ನು ಮಾಡಿಸಿಕೊಂಡಿದ್ದರು. ನಮ್ಮ ಪಿಪಿಟಿ ಇದ್ದ ಹಾಗೆ. ಮಾತಾಡುವವರು ತಾವೇ, ಯಾವ ತೋಟ ಅಂತ ತಮಗೆ ಗೊತ್ತೇ ಇದೆ. ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದ ಆ ಗಾಜುಗಳ ಮೇಲೆ ತೋಟದ ಹೆಸರಿಲ್ಲ, ಊರಿಲ್ಲ, ತಾರೀಕಿಲ್ಲ. ಚಂದದ ಹೂಗಳು, ಯಾರ ಮನೆ ಅಂತ ಗೊತ್ತಿಲ್ಲ. ಸ್ಯಾಮ್ ವಾಟರ್ಸ್ ಎಂಬ ಇತಿಹಾಸಕಾರ ಐದು ವರ್ಷ ಕೂತು ಒಂದೊಂದನ್ನೇ ಗುರುತಿಸಿದ ಮೇಲೆ, 2012ರಲ್ಲಿ ಅವಕ್ಕೆ ಹೆಸರು ಬಂತು.

ಇದನ್ನು ಓದಿದಾಗ ನಾವು ನಾಲ್ಕೂ ಜನ ನಕ್ಕೆವು, ಆಮೇಲೆ ನಮ್ಮ ನಮ್ಮ ಫೋನು ತೆಗೆದು ನೋಡಿ ಸುಮ್ಮನಾದೆವು. ಸಾವಿರಾರು ಫೋಟೊ, ಎಲ್ಲದಕ್ಕೂ ನಂಬರೇ ಹೆಸರು.

ನಮ್ಮ ಶೀಟು

ಅಸೈನ್‌ಮೆಂಟ್ ಏನಾಯ್ತು ಅಂತೀರಾ? ಅಜ್ಜಿಗೆ ಫೋನ್ ಮಾಡಿದೆವು. ಅಜ್ಜಿಗೆ ಅಡಿ, ಮೀಟರ್ ಯಾವುದೂ ಬೇಕಿರಲಿಲ್ಲ. ಹಜಾರದಲ್ಲಿ ಹದಿನಾರು ಎಲೆ ಒಂದೇ ಸಾಲಿಗೆ ಹಾಕ್ತಿದ್ದೆವು ಅಂದರು. ಒಂದು ಊಟದೆಲೆಗೆ ಎಷ್ಟು ಜಾಗ ಬೇಕು ಅಂತ ಮೆಸ್ಸಿನಲ್ಲಿ ಅಳೆದು, ಹದಿನಾರರಿಂದ ಗುಣಿಸಿ ಹಜಾರದ ಉದ್ದ ಹಾಕಿದೆವು. ಬಾಣಂತಿ ಕೋಣೆಯಲ್ಲಿ ಒಂದು ಮಂಚ, ಒಂದು ತೊಟ್ಟಿಲು, ನಡುವೆ ಒಬ್ಬರು ಕೂರುವಷ್ಟು ಜಾಗ ಅಂದರು, ಅದನ್ನೂ ಹಾಗೇ ಬರೆದೆವು. ಖಾತ್ರಿ ಇಲ್ಲದ ಗೋಡೆಗಳಿಗೆ ಚುಕ್ಕಿಗೆರೆ ಎಳೆದೆವು. ಶೀಟು ನೋಡಿದ ಮೇಡಂ, ಇಷ್ಟೊಂದು ಚುಕ್ಕಿಗೆರೆ ಯಾಕೆ, ಒಳಗಿನ ಕಾಣದ ಭಾಗಗಳಾ ಅಂತ ಕೇಳಿದರು. ಅಲ್ಲ ಮೇಡಂ, ಮರೆತುಹೋದ ಭಾಗಗಳು ಅಂದೆವು.

ಈ ಸಲ ಊರಿಗೆ ಹೋದಾಗ ನೀವೂ ಒಂದು ಕೆಲಸ ಮಾಡಿ. ಮನೆಯವರನ್ನೆಲ್ಲ ಎರಡು ನಿಮಿಷ ಪಕ್ಕಕ್ಕೆ ಕರೆದು, ಮನೆಯ ಎದುರು ನೇರಕ್ಕೆ, ಆದಷ್ಟು ಹಿಂದಕ್ಕೆ ಹೋಗಿ ನಿಲ್ಲಿ. ಫೋನನ್ನು ಬಾಗಿಸಬೇಡಿ, ಗೋಡೆಗೆ ಸಮಾನಾಂತರವಾಗಿ ಹಿಡಿಯಿರಿ. ನಾಲ್ಕೂ ಬದಿ ತೆಗೆಯಿರಿ, ಹಿತ್ತಲನ್ನು ಮರೀಬೇಡಿ. ಬಾಗಿಲಿನ ಎತ್ತರ ಒಂದನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಆಮೇಲೆ ಫೈಲಿಗೆ ಊರು, ವರ್ಷ, ಗೊತ್ತಿದ್ರೆ ಕಟ್ಟಿದ ಮೇಸ್ತ್ರಿಯ ಹೆಸರು ಹಾಕಿ. ಹತ್ತು ನಿಮಿಷದ ಕೆಲಸ.

ಅಜ್ಜಿಗೆ ನಮ್ಮ ಪ್ಲ್ಯಾನಿನ ಪ್ರಿಂಟ್ ಕಳಿಸಿದ್ದೇವೆ. ನೋಡಿ ಖುಷಿಪಟ್ಟರಂತೆ. ಆದ್ರೆ ಅಡುಗೆಮನೆಯ ಕಿಟಕಿ ಪೂರ್ವಕ್ಕಿತ್ತು ಅಂತ ಅಜ್ಜಿ, ಉತ್ತರಕ್ಕಿತ್ತು ಅಂತ ಅವರ ತಂಗಿ. ಇನ್ನೂ ತೀರ್ಮಾನ ಆಗಿಲ್ಲ.